ಮೂಲ ಯಾರಿಗೆ?

ಮದುವೆಯ ಮಾತು ಏನೇನೋ ಕಾರಣಕ್ಕೆ ಮುರಿದುಬೀಳುತ್ತದೆ. ನನ್ನದು ಒಂದು ಪದಕ್ಕೆ ಸಿಕ್ಕಿ ಮುರಿದುಬಿತ್ತು. ಆ ಪದ ‘ಮೂಲ’. ಇರುವುದೇ ಎರಡಕ್ಷರ; ದಾವಣಗೆರೆಯಲ್ಲಿ ಬಾಯಿಂದ ಹೊರಟದ್ದು ಹರಿಹರ ತಲುಪುವಷ್ಟರಲ್ಲಿ ಬೇರೆಯೇ ವೇಷ ಹಾಕಿಕೊಂಡಿತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲದ ಸಂಗತಿ ಇದು. ಈಗ ಹೇಳಲು ಕೂತರೂ ಅದೇ ಹುರುಪು ಬರುತ್ತದೆ, ಮಾತುಗಳು ಒಂದನ್ನೊಂದು ತಳ್ಳಿಕೊಂಡು ಮುಂದೆ ನುಗ್ಗುತ್ತವೆ. ತಾಳಿ, ಮೊದಲಿಂದ ಹೇಳುತ್ತೇನೆ.

ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಮೂಲವ್ಯಾಧಿಗೆ ಔಷಧಿ ಕೊಡುತ್ತಿದ್ದಳು. ಹಿತ್ತಿಲಲ್ಲಿ ಮುಟ್ಟಿದರೆ ಮುನಿ ಸೊಪ್ಪು ಹರಡಿಕೊಂಡಿತ್ತು. ಅದನ್ನು ಅರೆದು, ಇನ್ನೊಂದೆರಡು ಬೇರು ತೇಯ್ದು ಸೇರಿಸಿ, ತಿಳಿ ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕುಡಿಸುವಳು. ಹತ್ತಿ ಮಿಲ್ಲಿನ ಬೆಳಗಿನ ಸೀಟಿ ಕೂಗುವ ಮೊದಲೇ ನಮ್ಮ ಜಗಲಿಯ ಮುಂದೆ ಜನ ನಿಂತಿರುತ್ತಿದ್ದರು. ಕೂತುಕೊಳ್ಳಿ ಎಂದರೆ ಮುಖ ಹಿಂಡುವರು. ಅಷ್ಟಾದರೂ ಕಾಯಿಲೆಯ ಹೆಸರು ಮಾತ್ರ ಹೇಳರು.

“ಏನಾಗೈತಪ್ಪ?” ಎಂದು ಅಜ್ಜಿ ಕೇಳುವಳು.

“ಏನಿಲ್ಲವ್ವ, ಸ್ವಲ್ಪ ಉಷ್ಣ.”

“ಎಲ್ಲಿ?”

“ಮೈಯಾಗೆ.”

“ಮೈಯಾಗೆ ಅಂದ್ರೆ? ತಲೆಯಾಗಾ, ಕಾಲಾಗಾ?”

“ನಡುಮಧ್ಯೆ ಅಂತ ಇಟ್ಕಳ್ರಿ.”

“ಮೂಲ ಅನ್ನಾಕೆ ನಿನಗೆ ನಾಚಿಕೆ. ಅದಕ್ಕೆ ನಿನ್ನ ಕಂಡ್ರೆ ನಾಚಿಕೆ ಐತೇನು? ತಾನು ಆರಾಮಾಗಿ ಕೂತೈತೆ, ನಿನಗೆ ಕೂಡ್ರಾಕೆ ಬಿಡವಲ್ದು.”

ಹೆಸರು ಹೇಳಿದವರದೂ ಒಬ್ಬೊಬ್ಬರದು ಒಂದೊಂದು. ಹಳ್ಳಿಯವರು ‘ಮೊಳೆ ಎದ್ದೈತೆ’ ಅನ್ನುವರು. ನಾನು ಸಣ್ಣವಳಿದ್ದಾಗ ಕಬ್ಬಿಣದ ಮೊಳೆಯೆಂದೇ ತಿಳಿದು, ಪಾಪ, ಇವರು ನಿಂತೇ ಇರುವುದರಲ್ಲಿ ಆಶ್ಚರ್ಯವೇನಿಲ್ಲ ಅಂದುಕೊಂಡಿದ್ದೆ. ಕಾಳು ನೆನೆಸಿದರೆ ತುದಿಯಲ್ಲಿ ಒಡೆಯುತ್ತದಲ್ಲ, ಅದೂ ಮೊಳೆಯೇ ಎಂದು ಅಜ್ಜಿ ತಿದ್ದಿದಳು. ಅತ್ತರು ಮಾರುವ ಸಾಬರು ‘ಬವಾಸೀರ್’ ಎನ್ನುವರು. ಆಸ್ಪತ್ರೆಯ ಕಂಪೌಂಡರು ‘ಪೈಲ್ಸ್’ ಎನ್ನುವರು. ಒಬ್ಬ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ‘ಅರ್ಶಸ್ಸು’ ಎಂದರು. ಅಜ್ಜಿಯ ಕಿವಿಗೆ ಅದು ‘ಹರ್ಷ’ ಎಂದು ಬಿತ್ತು. “ಹರ್ಷ ಆಗಿದ್ರೆ ಇಲ್ಲಿಗ್ಯಾಕ ಬಂದ್ರಿ ಮೇಷ್ಟ್ರೆ” ಅಂದಳು.

ಅವಳ ಬಾಯಲ್ಲಿ ಇದ್ದದ್ದು ‘ಮೂಲ’ ಒಂದೇ. ‘ವ್ಯಾಧಿ’ ಎಂಬ ಬಾಲವನ್ನು ಅವಳು ಸೇರಿಸುತ್ತಿರಲಿಲ್ಲ. “ವ್ಯಾಧಿ ಅಂದ್ರೆ ಬಂದವನ ಅರ್ಧ ಜೀವ ಅಲ್ಲೇ ಹೋಗುತ್ತೆ. ಮೂಲ ಅಂದ್ರೆ ಸಾಕು, ಅರ್ಥ ಆಗುತ್ತೆ” ಎನ್ನುವಳು. ಮುಂದೆ ನಮ್ಮನ್ನು ಫಜೀತಿಗೆ ಸಿಕ್ಕಿಸಿದ್ದು ಈ ‘ಅರ್ಥ ಆಗುತ್ತೆ’ ಎಂಬ ಧೈರ್ಯವೇ.

ನನಗೆ ಮಾತು ಕಲಿಸಿದವಳು ಅವಳು. ಸೊಪ್ಪು ಬಿಡಿಸುತ್ತ ಒಂದೊಂದು ಪದವನ್ನೂ ಕಡ್ಡಿ ಕಡ್ಡಿಯಾಗಿ ಬಿಡಿಸುವಳು. “ಮೂಲ ಅಂದ್ರೆ ಬೇರು. ಮೂಲಂಗಿ ತಿಂತೀಯಲ್ಲ, ಅದೂ ಬೇರು. ಮೂಲಿಕೆ ಅಂದ್ರೂ ಬೇರು. ಜಗಳಕ್ಕೂ ಒಂದು ಮೂಲ ಇರುತ್ತೆ, ನಮ್ಮ ಮನೇಲಿ ಅದು ನಿಮ್ಮಪ್ಪ. ಗಿಡದ ಬೇರು ಕೆಳಗೈತೆ, ಮನುಷ್ಯಂದೂ ಕೆಳಗೇ. ಅಲ್ಲಿಗೆ ಬರೋ ನೋವು, ಅದಕ್ಕೇ ಆ ಹೆಸರು.” ಇಷ್ಟು ಕಲಿತು ಶಾಲೆಗೆ ಹೋದವಳ ಗತಿ ಕೇಳಿ. ಭೂಗೋಳದ ಪಾಠದಲ್ಲಿ “ತುಂಗಭದ್ರೆಯ ಮೂಲ ಯಾವುದು?” ಎಂದು ಕೇಳಿದಾಗ ಫಕ್ಕನೆ ನಕ್ಕುಬಿಟ್ಟೆ. ಪಾಠ ಮುಗಿಯುವತನಕ ಬೆಂಚಿನ ಮೇಲೆ ನಿಲ್ಲಿಸಿದರು.

ಮೂಲಕ್ಕೆ ಇನ್ನೊಂದು ಅರ್ಥ ಉಂಟು, ಅಜ್ಜಿ ಅದರ ಗೊಡವೆಗೇ ಹೋಗಿರಲಿಲ್ಲ. ಅದು ಮೂಲಾ ನಕ್ಷತ್ರ. ಆ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಸೊಸೆಯಾಗಿ ಬಂದರೆ ಮಾವನ ಜೀವಕ್ಕೆ ಕೇಡು ಎಂದು ಆಗ ಜನ ಎಷ್ಟು ನಂಬಿದ್ದರೆಂದರೆ, ಚಂದದ ಹುಡುಗಿಯರು ಹಾಗೇ ಮನೆಯಲ್ಲಿ ಉಳಿದುಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಜಾತಕ ಬರೆಸುವ ರೂಢಿ ಇರಲಿಲ್ಲ. ನಾನು ಹುಟ್ಟಿದ್ದು ಯಾವಾಗ ಎಂದರೆ ಅವ್ವ “ದೊಡ್ಡೆಮ್ಮೆ ಈದ ವಾರ” ಎನ್ನುವಳು. ಮದುವೆಗೆ ಹೆಸರಿನ ಮೇಲೆ ಬಲ ನೋಡಿದರೆ ಮುಗಿಯಿತು.

ಹಾಗೆ ನೋಡಿ ಕೂಡಿಬಂದದ್ದು ಹರಿಹರದ ಸಂಬಂಧ. ಹುಡುಗ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಅಪ್ಪನಿಗೆ ಜವಳಿ ಅಂಗಡಿ. ನಡುವೆ ಓಡಾಡಿದವನು ಅಪ್ಪನ ದಾಯಾದಿ ತಮ್ಮ, ನಂದಿಗುಡಿಯ ಕಾಕ. ಹೆಣ್ಣು ನೋಡಲು ಬಂದ ದಿನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದೆವು. ತಟ್ಟೆ ನಾನೇ ಕೊಟ್ಟೆ. ಹುಡುಗ ಒಂದು ಬಜ್ಜಿ ತಿಂದ, ಕಣ್ಣಲ್ಲಿ ನೀರು ಇಳಿಯಿತು. ಇನ್ನೊಂದು ತಿಂದ. ಮೂಗೊರೆಸಿಕೊಂಡು “ಚೆನ್ನಾಗೈತೆ” ಎಂದ. ಅಳುತ್ತಳುತ್ತಲೇ ಚೆನ್ನಾಗಿದೆ ಎನ್ನುವವನು ಸಂಸಾರಕ್ಕೆ ಬಾರದವನೇ? ನಾನು ಆ ಗಳಿಗೆಯಲ್ಲೇ ಒಪ್ಪಿಬಿಟ್ಟೆ.

ಅವನ ಅಪ್ಪ ಮಾತ್ರ ಕೂಡಲೇ ಇಲ್ಲ. “ಕೂಡ್ರಿ, ಕೂಡ್ರಿ” ಎಂದು ಅಪ್ಪ ಎಷ್ಟು ಹೇಳಿದರೂ ತೊಲೆ ನೋಡುತ್ತ, ಗೋಡೆ ನೋಡುತ್ತ ನಡುಮನೆಯಲ್ಲಿ ಓಡಾಡಿದರು. ಬಜ್ಜಿಯನ್ನು ಕೈಯಲ್ಲೂ ಮುಟ್ಟಲಿಲ್ಲ. ದಾವಣಗೆರೆಯಲ್ಲಿ ಬೀಗನಾಗುವವನು ಮೆಣಸಿನಕಾಯಿ ಒಲ್ಲೆ ಎಂದರೆ ಸಣ್ಣ ಮಾತಲ್ಲ. ಅಪ್ಪನ ಮುಖ ಬಿಗಿಯಿತು. ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅಜ್ಜಿಗೆ ಕಣ್ಣು ಮಂಜು, ಆದರೂ ಆ ನಡಿಗೆ ಅವಳಿಗೆ ಗುರುತು ಸಿಕ್ಕಿಹೋಯಿತು. ಬಂದವರು ಅಂಗಳಕ್ಕಿಳಿದ ಮೇಲೆ, ಚಪ್ಪಲಿ ಮೆಟ್ಟಲು ಹಿಂದುಳಿದ ಕಾಕನನ್ನು ಕರೆದು ಪಿಸುಗುಟ್ಟಿದಳು.

“ಮೂಲ ಐತೆ ಕಣಪ್ಪ, ಅದಕ್ಕೇ ಹಿಂಗೆ. ಮುಚ್ಚಿಟ್ರೆ ಮಾವನಿಗೇ ತೊಂದ್ರೆ. ಪರಿಹಾರ ನಾವೇ ಮಾಡ್ತೀವಿ, ಹೆದರಾದು ಬ್ಯಾಡ ಅಂತ ಹೇಳು.”

ಮಾವ ಎಂದು ಅವಳು ಅಂದದ್ದು ನನಗೆ ಮಾವನಾಗುವವರನ್ನು. ಕಾಕನ ಮುಖ ಬಿಳುಪೇರಿತು. ಏನೂ ಕೇಳದೆ ತಲೆಯಾಡಿಸಿ ಹೋದ.

ನಾನು ದಿನವೂ ಬಾಗಿಲ ಕಡೆ ಕಿವಿಯಿಟ್ಟು ಕಾದೆ. ವಾರ ಕಳೆದು ಬಂದ ಕಾಕ ಜಗಲಿಯಲ್ಲೇ ಕುಸಿದು ಕೂತ.

“ಸಂಬಂಧ ಬ್ಯಾಡಂತೆ. ಮೂಲ ಇರೋ ಹುಡುಗಿನ ಮನೆ ತುಂಬಿಸ್ಕಳಲ್ಲಂತೆ.”

“ಯಾರಿಗೆ ಮೂಲ? ನಮ್ಮ ಹುಡುಗಿಗಾ?” ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದಳು. ನನ್ನನ್ನು ಕರೆದು, “ಕೂಡ್ರು” ಎಂದಳು. ಕೂತೆ. “ಏಳು.” ಎದ್ದೆ. “ನೋಡಿದ್ಯೇನೋ? ಎಲ್ಲಾದ್ರೂ ಮುಖ ಹಿಂಡಿದ್ಲಾ?”

“ಕೂತು ಎದ್ರೆ ನಕ್ಷತ್ರ ಹೆಂಗೆ ಗೊತ್ತಾಗುತ್ತೆ ದೊಡ್ಡವ್ವ?”

“ಯಾವ ನಕ್ಷತ್ರ?”

“ನೀನೇ ಅಂದ್ಯಲ್ಲ. ಮೂಲಾ ನಕ್ಷತ್ರ, ಮಾವನಿಗೆ ತೊಂದ್ರೆ, ಪರಿಹಾರ ಮಾಡಿಸ್ತೀವಿ ಅಂತ.”

ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅವಳ ನಗು ಹಿತ್ತಿಲಿಂದ ಕೇಳಿಸಿತು. ನಾನೂ ನಕ್ಕೆ. ಅರ್ಥ ತಪ್ಪಿದ್ದು ನಮಗೆ ಗೊತ್ತಾಯಿತು, ಸರಿ. ಹರಿಹರಕ್ಕೆ ಅದನ್ನು ತಿಳಿಸುವುದು ಹೇಗೆ?

“ಹುಡುಗಿ ನಕ್ಷತ್ರ ಮೂಲಾ ಅಲ್ಲ ಅಂದ್ರೆ, ಮತ್ತೆ ಯಾವ್ದು ಅಂತಾರೆ” ಎಂದ ಕಾಕ. “ಎಮ್ಮೆ ಈದ ವಾರ ಅನ್ಲಾ?”

“ಹಂಗಾದ್ರೆ ಹುಡುಗನ ಅಪ್ಪಗೇ ಮೂಲ ಐತೆ ಅಂತ ಹೇಳಿಬಿಡು” ಎಂದರು ಅಪ್ಪ.

ಅಜ್ಜಿ ಒಪ್ಪಲಿಲ್ಲ. “ಆತ ಹೆಂಡ್ತಿ ಮುಂದೂ ಬಾಯಿ ಬಿಟ್ಟಿಲ್ಲ ಅಂತ ಕಾಣುತ್ತೆ. ಊರ ಮುಂದೆ ನಾ ಹೇಳಿಸ್ಲಾ? ಇವನಿಗೆ ಅಂದಿದ್ದೇ ನನ್ನ ತಪ್ಪು. ಇನ್ನ ಅದು ಆತನ ಬಾಯಿಂದಲೇ ಬರಬೇಕು.” ಬಂದವರ ಬಾಯಿಂದ ಹೆಸರು ಹೊರಡಿಸದೆ ಬಿಡದಿದ್ದ ನಮ್ಮಜ್ಜಿಗೆ ಈಗ ತಾನೇ ಅದನ್ನು ಹೇಳುವಂತಿರಲಿಲ್ಲ. ಸೊಪ್ಪು ಕಿತ್ತು ಬಟ್ಟೆಯಲ್ಲಿ ಗಂಟು ಕಟ್ಟಿದಳು. “ನಡಿ ತಂಗಿ, ಹರಿಹರಕ್ಕೆ. ನನಗೆ ಕಣ್ಣು ಕಾಣಲ್ಲ, ಕೈ ಹಿಡಿ.”

ಅವ್ವ ಅಡ್ಡ ನಿಂತಳು. “ಹುಡುಗಿ ತಾನಾಗಿ ಗಂಡಿನ ಮನೆ ಬಾಗಿಲಿಗೆ ಹೋಗೋದೇನ್ರಿ ಅತ್ತೆ?”

“ಸಂಬಂಧ ಮುರಿದೈತಲ್ಲ. ಇನ್ನ ಅದು ಗಂಡಿನ ಮನೆ ಹೆಂಗಾಗುತ್ತೆ?”

ಅವ್ವ ಬಾಗಿಲು ಬಿಟ್ಟು ಸರಿದಳು. ರೈಲು ಹತ್ತಿದೆವು. ದಾವಣಗೆರೆಯಿಂದ ಹರಿಹರ ಎಷ್ಟು ದೂರ ಮಹಾ, ಆದರೆ ಅವತ್ತಿನಷ್ಟು ನಿಧಾನದ ರೈಲನ್ನು ನಾನು ಕಂಡಿಲ್ಲ. ಕಿಟಕಿಯಿಂದ ಇದ್ದಿಲ ಪುಡಿ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳುವುದೂ, ಮತ್ತೆ ಕಿಟಕಿಗೆ ಮುಖ ಕೊಡುವುದೂ. ಅಜ್ಜಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಅವರ ಮನೆ ದೇವಸ್ಥಾನದ ಹಿಂದಿನ ಓಣಿಯಲ್ಲಿತ್ತು. ಮಧ್ಯಾಹ್ನ. ಹುಡುಗ ಕಾರ್ಖಾನೆಗೆ ಹೋಗಿದ್ದ. ಅವನ ಅವ್ವ ನಮ್ಮನ್ನು ಕಂಡು ಗಾಬರಿಯಾದರು. ಒಳಗೆ ಕರೆಯಲಿಲ್ಲ, ಜಗಲಿಯಲ್ಲಿ ಚಾಪೆ ಹಾಸಿ ನೀರು ಕೊಟ್ಟರು. ಊಟಕ್ಕೆ ಬಂದಿದ್ದ ಯಜಮಾನರು ಕಂಬಕ್ಕೆ ಒರಗಿ ನಿಂತು ಪೇಪರು ಓದುತ್ತಿದ್ದರು. ನಮ್ಮನ್ನು ನೋಡಿ ಪೇಪರನ್ನು ಇನ್ನಷ್ಟು ಮೇಲೆತ್ತಿದರು.

“ನೀವು ಹಿರೇರು ಬಂದೀರಿ, ಮುಖ ಮುರಿಯಲ್ಲ” ಎಂದರು ಆಕೆ. “ಆದ್ರೆ ಮೂಲ ಇದ್ಮೇಲೆ ಏನು ಮಾಡಾಕಾಗುತ್ತೆ ಅಜ್ಜಿ?”

“ಮಾಡಬೌದವ್ವ. ಸುಮಾರು ಜನಕ್ಕೆ ಬಿಡಿಸೀನಿ.”

“ನೀವೇ ಬಿಡಿಸ್ತೀರಾ? ಶಾಂತಿ ಮಾಡಿಸಿ?”

“ಶಾಂತಿ ಯಾಕವ್ವ, ಮಜ್ಜಿಗೆ ಸಾಕು.”

“ಮಜ್ಜಿಗೇಲಿ ಮೂಲ ಹೋಗುತ್ತಾ?”

“ಹೋಗುತ್ತೆ. ಖಾರ ಬಿಡಬೇಕು ಅಷ್ಟೇ.”

“ಖಾರ ಬಿಡಬೇಕಾ? ಯಾರು?”

ಅಜ್ಜಿ ಬಾಯಿ ಮುಚ್ಚಿಕೊಂಡಳು. ನಾನು ಚಾಪೆಯ ಕಡ್ಡಿ ಮುರಿಯುತ್ತ ಪೇಪರನ್ನೇ ನೋಡುತ್ತಿದ್ದೆ. ಅದು ಸ್ವಲ್ಪ ಕೆಳಗಿಳಿಯಿತು. ಎರಡು ಕಣ್ಣು ಕಂಡವು. ಅವು ಅಜ್ಜಿಯ ಗಂಟಿನಿಂದ ಹೊರಗೆ ಇಣುಕಿದ್ದ ಸೊಪ್ಪಿನ ಮೇಲೆ ನಿಂತವು.

“ಯಾರು ಅಂತ ಕೇಳಿದೆ ಅಜ್ಜಿ.”

“ಅದನ್ನ ನಾ ಹೇಳಂಗಿಲ್ಲವ್ವ.”

“ನಾನು” ಎಂದರು ಯಜಮಾನರು.

“ನೀವ್ಯಾಕ ಖಾರ ಬಿಡಬೇಕು?”

“ಮೂಲ ಇರೋದು ನನಗೆ.”

“ನಿಮ್ಮದು ಉತ್ತರಾಭಾದ್ರ ಅಲ್ಲೇನ್ರಿ?”

“ನಕ್ಷತ್ರದ್ದಲ್ಲ ಕಣೆ.” ಅವರು ಪೇಪರು ಮಡಿಸಿದರು. ಕಿವಿಯ ತುದಿಯವರೆಗೂ ಕೆಂಪಾಗಿದ್ದರು. “ಆ ಹುಡುಗಿಗೆ ಏನೂ ಇಲ್ಲ. ಅಜ್ಜಿ ಅಂದಿದ್ದು ನನ್ನ ನೋವಿನ ಮಾತು. ಯುಗಾದಿಗಿಂತ ಮುಂಚಿಂದ ಐತೆ. ಹೇಳಾಕೆ ನಾಚಿಕೆ ಆಗಿ ಸುಮ್ಮನಿದ್ದೆ.”

ಆಕೆ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. “ಅದಕ್ಕಾ ಅಂಗಡೀಲಿ ನಿಂತೇ ಇರ್ತೀರಿ? ಗಿರಾಕಿ ಬಂದ್ರೆ ಎದ್ದು ಮರ್ಯಾದೆ ಕೊಡೋ ಸಾಹುಕಾರ ಅಂತ ಊರೆಲ್ಲ ಹೊಗಳ್ತೈತಲ್ರಿ.”

“ಹೊಗಳಿದ್ರೆ ಬ್ಯಾಡ ಅನ್ಲಾ?”

ಮೊದಲು ನಕ್ಕವಳು ಅಜ್ಜಿ. ಆಮೇಲೆ ಆಕೆ; ನಗುತ್ತಿದ್ದಂತೆ ಕಣ್ಣೊರೆಸಿಕೊಂಡರು. “ನನಗಾದ್ರೂ ಹೇಳಬಾರದಾ? ದಿನಾ ಖಾರದ ಸಾರು ಬಡಿಸ್ತಿದ್ನಲ್ಲ” ಎಂದರು. ನನಗೆ ಎದ್ದು ಕುಣಿಯಬೇಕೆನಿಸಿತು. ಅಷ್ಟರಲ್ಲಿ ಆಕೆಯ ಮುಖ ಮತ್ತೆ ಗಂಭೀರವಾಯಿತು.

“ಅದು ಸರಿ. ಆದ್ರೂ ಹುಡುಗಿ ನಕ್ಷತ್ರ ಯಾವುದು ಅಂತ ಗೊತ್ತಿಲ್ಲವಲ್ಲ ಅಜ್ಜಿ. ಇದ್ದರೂ ಇರಬೌದು ಮೂಲಾ.”

ಅಜ್ಜಿ ಸುಳ್ಳು ಹೇಳಬಹುದಿತ್ತು. ಇಪ್ಪತ್ತೇಳರಲ್ಲಿ ಯಾವುದಾದರೊಂದು ಹೆಸರು ಎತ್ತಿ ಕೊಟ್ಟಿದ್ದರೆ ಯಾರೂ ಪರೀಕ್ಷಿಸುತ್ತಿರಲಿಲ್ಲ. “ಗೊತ್ತಿಲ್ಲವ್ವ” ಎಂದಳು. “ಇರಬೌದು.”

ಯಜಮಾನರು ಕಂಬ ಬಿಟ್ಟು ಮುಂದೆ ಬಂದರು.

“ಮೂಲಾ ಹುಡುಗಿ ಬಂದ್ರೆ ಕೇಡು ಯಾರಿಗೆ?” ಎಂದು ಹೆಂಡತಿಯನ್ನು ಕೇಳಿದರು.

“ಮಾವನಿಗೆ.”

“ಮಾವ ಯಾರು?”

“ನೀವೇ.”

“ಹಂಗಾದ್ರೆ ಹೆದರಬೇಕಾದವನು ನಾನು. ನನಗೆ ಹೆದರಿಕೆ ಇಲ್ಲ. ಈ ಅಮ್ಮ ಕಣ್ಣು ಕಾಣದಿದ್ರೂ ರೈಲು ಹತ್ತಿ ನನಗೆ ಔಷಧಿ ತಂದಾಳೆ. ಇಲ್ಲಿ ಕೂತು ಇಷ್ಟು ಮಾತು ಕೇಳಿಸ್ಕಂಡ್ರೂ ನನ್ನ ಗುಟ್ಟು ಬಿಟ್ಟುಕೊಡಲಿಲ್ಲ. ಇಂಥ ಮನೆ ಹುಡುಗಿ ನನ್ನ ಜೀವ ತೆಗಿತಾಳೆ ಅಂದ್ರೆ ತೆಗೀಲಿ ಬಿಡು, ನೋಡೇ ಬಿಡಾಣ.”

ಆಕೆ ಗಂಡನನ್ನೂ ನನ್ನನ್ನೂ ನೋಡಿದರು. ಆಮೇಲೆ ಕೆಳಗೆ ಬಿದ್ದಿದ್ದ ಚಾಪೆಯ ಕಡ್ಡಿಗಳನ್ನು ನೋಡಿದರು.

“ಎದ್ದೇಳು ತಂಗಿ, ಇರೋದೊಂದು ಚಾಪೆ, ಪೂರ್ತಿ ಮುರಿದುಹಾಕಬ್ಯಾಡ. ಒಳಗೆ ಬಾ. ರೊಟ್ಟಿ ಬಡಿಯಾಕೆ ಬರುತ್ತಾ?”

“ಬರುತ್ತೆ” ಎಂದೆ.

ಹೊಸ್ತಿಲು ಯಾವ ಕಾಲಲ್ಲಿ ದಾಟಿದೆನೋ ಈಗ ನೆನಪಿಲ್ಲ. ಒಲೆಯ ಮುಂದೆ ಕೂತು ಹಿಟ್ಟಿಗೆ ಕೈಹಾಕಿದೆ. ಮೊದಲನೇ ರೊಟ್ಟಿ ನಡುವೆ ಹರಿಯಿತು. ಅವರು ನೋಡಿಯೂ ನೋಡದವರಂತೆ ಒಲೆ ಊದಿದರು. ಎರಡನೆಯದು ಹೆಂಚಿನ ಮೇಲೆ ಪೂರ್ತಿ ಉಬ್ಬಿತು.