ಹೆದರಿಕೆ ಇಲ್ಲ ಎಂದು ಬರೆಸಿದ್ದು

ನಾನು ಅಜ್ಜಿಯಾದೆ! ಮಗಳಿಗೆ ಹೆಣ್ಣು ಮಗು. ಕೊಪ್ಪದ ಆಸ್ಪತ್ರೆಯಿಂದ ಇವತ್ತು ಬೆಳಿಗ್ಗೆ ಇಬ್ಬರನ್ನೂ ಮನೆಗೆ ಕರೆತಂದೆವು. ಮೂರನೇ ಕ್ಲಾಸಿನವರೆಗೆ ಓದಿದವಳು ನಾನು, ಸಂತೋಷಕ್ಕೆ ಕೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಹೊರಡುವಾಗ ಅಲ್ಲಿನ ನರ್ಸು ಹುಡುಗಿ ಉದ್ದನೆಯ ಪುಸ್ತಕ ಬಿಡಿಸಿ, "ಅಜ್ಜಿ, ಮನೆಯವರ ಹೆಸರು ಹೇಳಿ" ಎಂದಳು. ಆ ಪುಸ್ತಕ ಕಂಡದ್ದೇ ನನ್ನ ನಗು ಅರ್ಧಕ್ಕೆ ನಿಂತಿತು. ಏಳೆಂಟು ವರ್ಷದ ಹಿಂದೆ ಅಂಥದ್ದೇ ಪುಸ್ತಕ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದ ನರ್ಸಮ್ಮ ನೆನಪಾದರು...

ನಮ್ಮದು ಮೆಣಸೆಯಿಂದಾಚೆ, ಗುಡ್ಡದ ಬದಿಯ ಮನೆ. ಆ ಆಷಾಢದಲ್ಲಿ ಹಿತ್ತಲಲ್ಲಿ ಗುಡ್ಡ ಕಡಿದ ಧರೆ ಕುಸಿದು ಕೊಟ್ಟಿಗೆಯ ಮೇಲೆ ಬಿತ್ತು. ಒಳಗೆ ಹಾಲು ಕರೆಯುತ್ತಿದ್ದ ಯಜಮಾನರು ಮಣ್ಣಿನಡಿ ಹೋದರು. ಚೊಂಬು ಕೊಡಲು ಹೋಗಿದ್ದ ಮಗಳು ಎದುರಿಗೇ ನಿಂತು ನೋಡಿದಳು. ಹದಿನೇಳು ವರ್ಷ ಅವಳಿಗೆ. ಅಂದಿನಿಂದ ಮಾತಿಲ್ಲ, ನಿದ್ದೆಯಿಲ್ಲ.

ದೊಡ್ಡ ಅಧಿಕಾರಿಗಳು ಜೀಪಿನಲ್ಲಿ ಬಂದು ಫೋಟೊ ತೆಗೆದರು, ಧರೆಗೆ ಗೋಡೆ ಕಟ್ಟಿಸುತ್ತೇವೆ ಎಂದರು. ಗೋಡೆ ಇವತ್ತಿಗೂ ಬಂದಿಲ್ಲ. ಕಾಡಂಚಿನವರನ್ನು ಒಕ್ಕಲೆಬ್ಬಿಸುತ್ತಾರೆ ಎಂಬ ಸುದ್ದಿ ಬೇರೆ. ಪುಸ್ತಕ ಹಿಡಿದು ಯಾರು ಬಂದರೂ ನಮಗೆ ನಡುಕ.

ಮನೆಮನೆಯ ಆರೋಗ್ಯ ಬರೆದುಕೊಳ್ಳುವ ನರ್ಸಮ್ಮ ಜೀಪಿನಲ್ಲಿ ಬರಲಿಲ್ಲ, ನಡೆದೇ ಬಂದರು. ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಉಂಬಳ ಕೀಳುತ್ತಾ ಕೇಳಿದರು, "ನಿದ್ದೆ ಬರ್ತದಾ? ಗುಡ್ಡ ಕಂಡ್ರೆ ಹೆದರಿಕೆ ಆಗ್ತದಾ?"

ಸುತ್ತಿನ ಏಳು ಮನೆಗೂ ನಾನು ಮುಂಚೆಯೇ ಓಡಿ ಹೇಳಿಬಂದಿದ್ದೆ. "ಹೆದರಿಕೆ ಅಂತ ಮಾತ್ರ ಅನ್ಬೇಡಿ ಮಾರಾಯ್ರೆ! ಹೆದರೋರು ಇಲ್ಲಿ ಎಂತಕ್ಕಿರ್ಬೇಕು ಅಂತ ನಮ್ಮನ್ನೇ ಎಬ್ಬಿಸ್ತಾರೆ." ಎಲ್ಲರೂ ಹಾಗೇ ಬರೆಸಿದರು. ನಾನು ಮಗಳನ್ನು ಕೋಣೆಗೆ ಹಾಕಿ ಚಿಲಕ ಎಳೆದು, "ನಮಗೆಂತ ಹೆದರಿಕೆ?" ಎಂದು ನಕ್ಕೆ. ಗಂಡ ಹೋಗಿ ತಿಂಗಳಾಗಿರಲಿಲ್ಲ.

"ಏಳು ಮನೆಯಲ್ಲೂ ಇಷ್ಟು ಧೈರ್ಯವಾ! ಹತ್ತಿ ಬರುವಾಗ ನಂಗೇ ಹೆದರಿಕೆ ಆಯ್ತಲ್ಲಮ್ಮ" ಎಂದರು ನರ್ಸಮ್ಮ.

ಮತ್ತೆ ಮತ್ತೆ ಬಂದರು. ಒಂದು ದಿನ ನಾನು ಸೊಪ್ಪು ತಂದು ಇಳಿಸುವಾಗ, ಮಗಳು ಜಗಲಿಯಲ್ಲಿ ಅವರ ಹೆಗಲಿಗೆ ಒರಗಿ "ಅಪ್ಪ" ಎಂದು ಅಳುತ್ತಿದ್ದಳು. ಅಷ್ಟು ದಿನಕ್ಕೆ ಮೊದಲ ಮಾತು. ಬೇರೆ ತಾಯಿಯಾಗಿದ್ದರೆ ಅವರ ಕಾಲು ಹಿಡಿಯುತ್ತಿದ್ದಳು. ನಾನು ನೋಡಿದ್ದು ಪುಸ್ತಕವನ್ನು. ಅದರಲ್ಲಿ ಮಗಳ ಹೆಸರು ಬರೆದಿತ್ತು.

ಮರುದಿನವೇ ಊರಿನ ಪರವಾಗಿ ಅರ್ಜಿ ಬರೆಸಿದೆ, ಈ ನರ್ಸು ನಮ್ಮ ಹೆಣ್ಣುಮಕ್ಕಳಿಗೆ ಹುಚ್ಚಿನ ಹೆಸರು ಕಟ್ಟುತ್ತಾಳೆ ಎಂದು. ಮೊದಲ ಸಹಿ ನನ್ನದು. ಅವರಿಗೆ ನರಸಿಂಹರಾಜಪುರದ ಕಡೆ ವರ್ಗವಾಯಿತು. ಹೋಗುವ ಮುಂಚೆ ಬಂದು, "ಬುಧವಾರ ಬುಧವಾರ ಕೊಪ್ಪಕ್ಕೆ ಮನಸ್ಸಿನ ಡಾಕ್ಟ್ರು ಬರ್ತಾರೆ, ಹುಡುಗಿನ ಕರ್ಕೊಂಡು ಹೋಗಿ" ಎಂದರು. ನಾನು ಒಲೆ ಮುಂದಿನಿಂದ ಏಳಲೇ ಇಲ್ಲ...

ಮಗಳು ಹಾಸಿಗೆ ಹಿಡಿದ ಮೇಲೆ ನನ್ನ ಹಟ ಮುರಿಯಿತು. ಕೊಪ್ಪಕ್ಕೆ ಹೋದರೆ ಸಾಲಿನಲ್ಲಿ ನರ್ಸಮ್ಮನೇ! ಬೇರೆ ಯಾರನ್ನೋ ತೋರಿಸಲು ಕರೆತಂದಿದ್ದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವರು ಸರಿದು ನಮಗೆ ಜಾಗ ಮಾಡಿ, "ಬಂದ್ರಲ್ಲ, ಸಾಕು ಬಿಡಿ" ಎಂದರು. ಅರ್ಜಿಯ ವಿಷಯ ಗೊತ್ತಿತ್ತೋ ಏನೋ... ಗೊತ್ತಿರಲೇಬೇಕು. ತಪ್ಪಾಯ್ತು ಎನ್ನುವ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಎರಡು ವರ್ಷ ಮಾತ್ರೆ, ಕೊಪ್ಪದ ಬಸ್ಸು. ಮಗಳು ಮೊದಲಿನ ಹಾಗಾದಳು. ಹರಿಹರಪುರಕ್ಕೆ ಮದುವೆ ಮಾಡಿಕೊಟ್ಟೆವು.

ಇವತ್ತು ಆಸ್ಪತ್ರೆಯ ಹುಡುಗಿಯ ಹತ್ತಿರ ಆ ನರ್ಸಮ್ಮ ಎಲ್ಲಿದ್ದಾರೆ ಎಂದು ವಿಚಾರಿಸಿದೆ. "ಹೋದ ವರ್ಷವೇ ತೀರ್ಕೊಂಡ್ರಲ್ಲ ಅಜ್ಜಿ" ಎಂದಳು. ಮಗು ನನ್ನ ಕೈಯಲ್ಲಿತ್ತು. ನಗಬೇಕೋ ಅಳಬೇಕೋ...

ಸಂಜೆ ಎಲ್ಲರೂ ಊಟಕ್ಕೆ ಕೂತರು. ಅಳಿಯ, ನನ್ನ ತಂಗಿ ಮನೆಯವರು, ಬಾಗಿಲ ಹತ್ತಿರ ಬಾಣಂತಿ. ಪಾಯಸ ಬಡಿಸುತ್ತಿದ್ದವಳು ಹೇಳಿಬಿಟ್ಟೆ, "ನರ್ಸಮ್ಮನ್ನ ಓಡ್ಸಿದ್ದು ನಾನೇ ಮಗಾ. ಅರ್ಜಿ ನಂದು."

ಮಗಳು ಮಗುವಿನ ಹೊದಿಕೆ ಸರಿಮಾಡಿದಳು.

"ಇದನ್ನ ಅವ್ರಿಗೆ ಹೇಳ್ಬೇಕಿತ್ತಮ್ಮ, ನಂಗಲ್ಲ" ಎಂದಳು. ಆಮೇಲೆ ಪಕ್ಕಕ್ಕೆ ಸರಿದು, "ಬಾ, ನೀನೂ ಕೂತ್ಕೊ. ಎಲ್ಲರ ಜೊತೆ ಉಣ್ಣು."

ಕೂತೆ. ತಲೆ ಎತ್ತದೆ ಉಂಡೆ.