ಚಿಕ್ಕಮ್ಮನ ಎಂಟು ಸಿಲಿಂಡರು

ಚಿಕ್ಕಮ್ಮ ಬರಿಗಾಲಲ್ಲಿ ಕಾರು ಓಡಿಸುತ್ತಿದ್ದರು. ಕೂತ ಕೂಡಲೇ ಚಪ್ಪಲಿ ಕಳಚಿ ಪಕ್ಕಕ್ಕೆ ತಳ್ಳುವರು. ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ಸ್ವಲ್ಪ ಬಿಟ್ಟು ನಿಂತಿತ್ತು. ಹೊರಡುವ ಮೊದಲು ಅದು ಪೆಡಲನ್ನು ಸುಮ್ಮನೆ ಮುಟ್ಟಿ ನೋಡುತ್ತಿತ್ತು, ಸ್ನಾನದ ನೀರಿನ ಬಿಸಿ ನೋಡುವ ಹಾಗೆ. ಇಳಿದಾಗ ಅಂಗಾಲಿನ ಮೇಲೆ ರಬ್ಬರಿನ ಗೆರೆಗಳು ಅಚ್ಚೊತ್ತಿರುತ್ತಿದ್ದವು. ಅವರ ಬಗ್ಗೆ ನನಗೆ ಖಚಿತವಾಗಿ ನೆನಪಿರುವುದು ಇಷ್ಟು. ಉಳಿದದ್ದರಲ್ಲಿ ಎಷ್ಟು ನಡೆದದ್ದು, ಎಷ್ಟು ನನ್ನ ಸಿಟ್ಟು ಸೇರಿಸಿದ್ದು ಎಂಬ ಅನುಮಾನ ನನಗೇ ಇದೆ. ಸಿಟ್ಟಂತೂ ಇನ್ನೂ ಇಳಿದಿಲ್ಲ.

ಅವರು ನನ್ನ ತಾಯಿಯ ತಂಗಿ. ಅಬುಧಾಬಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದರು. ಮದುವೆಯಾಗಲಿಲ್ಲ. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಅವರಿಗೊಂದು ಸಣ್ಣ ಫ್ಲ್ಯಾಟ್ ಇತ್ತು. ಅದರ ಹಾಲಿಗೆ ಅಡ್ಡಲಾಗಿ ಒಂದು ಪರದೆ ಕಟ್ಟಿದ್ದರು. ನಮ್ಮ ಮನೆಯಿಂದ ಗಲ್ಫಿಗೆ ಬಂದವರೆಲ್ಲ ಮೊದಲು ಮಲಗಿದ್ದು ಆ ಪರದೆಯ ಹಿಂದೆ. ಮೊದಲು ಅವರ ತಮ್ಮ, ಅಂದರೆ ನನ್ನ ಮಾವ. ಕೊನೆಗೆ ತತ್ವಶಾಸ್ತ್ರದ ಎಂ.ಎ. ಮುಗಿಸಿ ಯಾವುದರಲ್ಲೂ ನಂಬಿಕೆಯಿಲ್ಲದೆ ಬಂದ ನಾನು. ಕೆಲಸ ಸಿಕ್ಕಿದ ಕೂಡಲೇ ಎಲ್ಲರೂ ಅಲ್ಲಿಂದ ಹೊರಟುಹೋದೆವು. ಮಾವ ದುಬೈಯಲ್ಲಿ ವ್ಯಾಪಾರ ಹಿಡಿದರು. ನಾನೂ ದುಬೈಯಲ್ಲೇ, ಸಿಲಿಕಾನ್ ಓಯಸಿಸ್‌ನ ಒಂದು ಕಂಪನಿ ಸೇರಿದೆ.

ನಾನು ಹೊರಟ ಮೇಲೆ ಚಿಕ್ಕಮ್ಮ ಪರದೆ ಬಿಚ್ಚಿದರು, ಫ್ಲ್ಯಾಟ್ ಬಿಟ್ಟರು, ಅಬುಧಾಬಿಯ ಹೊರವಲಯದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಕೆಳಗಿನ ಭಾಗಕ್ಕೆ ಹೋದರು. ಯಾಕೆಂದು ಕೇಳಿದರೆ, “ಪಾರ್ಕಿಂಗಿಗೆ” ಅಂದರು. ಅವರ ಬಳಿ ಆಗ ಇದ್ದದ್ದು ಪುಟ್ಟ ಹಳೆಯ ಕಾರು; ಅದಕ್ಕೆ ಅಷ್ಟು ಜಾಗ ಯಾಕೆಂದು ನನಗೆ ಅರ್ಥವಾಗಲಿಲ್ಲ. ಆಮೇಲಿನ ರಜೆಯಲ್ಲಿ ಹೋದಾಗ ಅಂಗಳದಲ್ಲಿ ಅದು ನಿಂತಿತ್ತು. ಅಮೆರಿಕದ ಸೆಡಾನ್, ಎಂಟು ಸಿಲಿಂಡರಿನದು, ಒಬ್ಬರು ಬಳಸಿ ಮಾರಿದ್ದು. ಮೂತಿ ಅಗಲ, ಬೆನ್ನು ಉದ್ದ. ಸ್ಟಾರ್ಟ್ ಮಾಡಿದರೆ ಎದುರು ಗೋಡೆಯ ಮೇಲಿನ ಪಾರಿವಾಳಗಳು ಹಾರುತ್ತಿದ್ದವು.

ಅದನ್ನು ಅವರು ಮೊದಲ ಸಲ ಮಾವನ ಮನೆಗೆ ತಂದ ದಿನ ಮಧ್ಯಾಹ್ನ ಕೋಳಿ ಸುಕ್ಕ, ನೀರುದೋಸೆ. ಮಾವನ ಮಗಳು ಕಿಟಕಿಯಿಂದ ನೋಡಿ, “ಡ್ಯಾಡ್, ಇಟ್ಸ್ ಸೋ ಕೂಲ್!” ಎಂದು ಕೂಗಿದಳು. ಮಾವ ಕೆಳಗಿಳಿದು ಕಾರಿಗೆ ಒಂದು ಸುತ್ತು ಬಂದರು, ಟೈರಿಗೆ ಒದ್ದರು, ಮೇಲೆ ಬಂದು ಕೈ ತೊಳೆದರು.

“ರೀಸೇಲ್ ಎಂತ ಬರ್ತದೆ ಅಕ್ಕ ಇದಕ್ಕೆ? ಶೋರೂಮಿನಿಂದ ಹೊರಗೆ ಬಂದ ಕೂಡ್ಲೇ ಅರ್ಧ ಬೆಲೆ ಹೋಗ್ತದೆ.”

“ಅರ್ಧ ಹೋದ ಮೇಲೆಯೇ ತಗೊಂಡದ್ದು ಮಾರಾಯ. ನಿನಗೆ ಖುಷಿ ಆಗ್ಬೇಕಲ್ಲ.”

“ಎಂಟು ಸಿಲಿಂಡರ್! ಒಬ್ಬಳಿಗೆ ನಾಲ್ಕು ಸಾಲುದಿಲ್ವಾ?”

“ಒಬ್ಬಳಿಗೆ ದೋಸೆ ಎಷ್ಟು ಸಾಕು ಅಂತಲೂ ಹೇಳಿಬಿಡು, ಬಡಿಸುವ ಮೊದಲು.”

ಅತ್ತೆ ನಗು ತಡೆಯಲಾಗದೆ ಅಡಿಗೆಮನೆಗೆ ಹೋದರು. ಮಾವ ಬಿಡಲಿಲ್ಲ. “ತಮಾಷೆ ಅಲ್ಲ. ಲೆಫ್ಟ್ ಹ್ಯಾಂಡ್ ಗಾಡಿ, ಸ್ಟೇರಿಂಗ್ ಎಡಕ್ಕೆ, ಊರಿಗೆ ತಗೊಂಡು ಹೋಗ್ಲಿಕ್ಕೂ ಆಗುದಿಲ್ಲ.”

“ಅದಕ್ಕೇ ತಗೊಂಡೆ,” ಅಂದರು ಚಿಕ್ಕಮ್ಮ. “ಇಷ್ಟು ವರ್ಷ ತಗೊಂಡದ್ದೆಲ್ಲ ಊರಿಗೆ ಹೋಯ್ತು. ಇದೊಂದು ಹೋಗುದಿಲ್ಲ.”

ಈ ಮಾತು ಅವತ್ತೇ ಆಡಿದರೋ, ಇನ್ನೊಂದು ದಿನ ನನ್ನೊಬ್ಬನಿಗೆ ಹೇಳಿದ್ದನ್ನು ನಾನು ಆ ಊಟದ ಮೇಜಿಗೆ ತಂದಿಟ್ಟೆನೋ ಗೊತ್ತಿಲ್ಲ. ಮಾವನನ್ನು ಕೇಳಿದರೆ ಅಂಥ ಮಾತೇ ಆಗಿಲ್ಲ ಅನ್ನುತ್ತಾರೆ. ಆದರೆ ಮಾತು ಚಿಕ್ಕಮ್ಮನದೇ.

ಗಲ್ಫಿನಲ್ಲಿ ನಮ್ಮವರು ಏನನ್ನೂ ಪೂರ್ತಿಯಾಗಿ ಕೊಳ್ಳುವುದಿಲ್ಲ. ಸೋಫಾ ಕೊಳ್ಳುವಾಗಲೇ ಅದನ್ನು ಮಾರುವ ದಿನವನ್ನು ಯೋಚಿಸುತ್ತಾರೆ. ವೀಸಾ ಇರುವವರೆಗೆ ಮಾತ್ರ ಇಲ್ಲಿ ಇರುವವರಿಗೆ ಅದು ಸಹಜ, ಒಪ್ಪುತ್ತೇನೆ. ಒಪ್ಪದೆ ಇರುವುದು ಬೇರೆ. ಬಿಳಿ ಬಣ್ಣ ಇಷ್ಟವಿಲ್ಲದಿದ್ದರೂ ಬಿಳಿ ಕಾರು ಕೊಂಡು, ಮುಂದೆ ಬರುವ ಯಾರೋ ಅಪರಿಚಿತನ ರುಚಿಗೆ ತಕ್ಕಂತೆ ಇಪ್ಪತ್ತು ಮೂವತ್ತು ವರ್ಷ ಬದುಕಿ, ಹಾಗೆ ಬದುಕದವಳಿಗೆ ಬುದ್ಧಿ ಹೇಳಲು ಹೊರಡುತ್ತಾರಲ್ಲ, ಅದು. ಮಾವನ ಮೊದಲ ಕೆಲಸಕ್ಕೆ ಯಾರ ಯಾರದೋ ಕಾಲು ಹಿಡಿದವಳು ಈ ಅಕ್ಕ. ಆಗ ಯಾರೂ ಅವಳ ಖರ್ಚಿನ ಲೆಕ್ಕ ಕೇಳಲಿಲ್ಲ.

ಹಾಗೆಂದು ಮಾವನ ಲೆಕ್ಕ ಸುಳ್ಳಾಗಿರಲಿಲ್ಲ. ಆ ಕಾರು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಹಿಂದಿನ ಟೈರುಗಳು ಬೇಗ ಸವೆಯುತ್ತಿದ್ದವು. ಬಿಡಿಭಾಗ ಬೇಕೆಂದರೆ ಗ್ಯಾರೇಜಿನವನು ಆಕಾಶ ನೋಡುತ್ತಿದ್ದ. ಒಳಗಿನ ಪ್ಲಾಸ್ಟಿಕ್ ಅಷ್ಟು ದುಡ್ಡಿಗೆ ಒಪ್ಪುವಂಥದಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಲು ಇದ್ದದ್ದು, ಅಲ್ ಐನ್ ರಸ್ತೆಗೆ ಸೇರುವಲ್ಲಿ ಅವರು ಕಾಲು ಒತ್ತಿದಾಗ ಬೆನ್ನು ಸೀಟಿಗೆ ಅಂಟುತ್ತಿದ್ದ ಆ ಒಂದು ಗಳಿಗೆ, ಮತ್ತು ಆಗ ಅವರ ಮುಖ. ಅದನ್ನು ಹೇಗೆ ತೂಗುವುದು ಎಂದು ನನ್ನ ವಿಶ್ವವಿದ್ಯಾಲಯ ಕಲಿಸಿರಲಿಲ್ಲ.

ಒಂದು ಆಗಸ್ಟಿನಲ್ಲಿ ಅದೇ ರಸ್ತೆಯಲ್ಲಿ, ನಾನೂ ಜೊತೆಗಿದ್ದಾಗ, ಎಂಜಿನ್ ಕಾದು ಕಾರು ನಿಂತಿತು. ಸೇತುವೆಯ ನೆರಳಿನಲ್ಲಿ ಚಿಕ್ಕಮ್ಮ ಕೊಡೆ ಬಿಡಿಸಿ ಕೂತು, ನೆಲಗಡಲೆ ತಿನ್ನುತ್ತಾ ಕಾರಿಗೆ ತುಳುವಿನಲ್ಲಿ ಬೈದರು. ಅದರ ತಂದೆ ತಾಯಿ ಯಾರನ್ನೂ ಬಿಡಲಿಲ್ಲ. ಮಾವ ದುಬೈಯಿಂದ ಬಂದರು. ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವರ ಮಗಳ ಹುಟ್ಟುಹಬ್ಬಕ್ಕೂ ಕಂಡಿರಲಿಲ್ಲ.

“ನಾನು ಹೇಳಿರ್ಲಿಲ್ವಾ?”

“ಹೇಳಿದ್ದಿ. ಈಗ ಆ ನೀರಿನ ಬಾಟ್ಲಿ ಕೊಡು.”

ಚಿಕ್ಕಮ್ಮ ಕುಡಿಯಲಿಲ್ಲ. ಎದ್ದು ಹೋಗಿ, ಕಾದ ಬಾನೆಟ್ಟಿನ ಮೇಲೆ ಕೈ ಊರಲಾಗದೆ ಬಾಟಲಿಯನ್ನೇ ಸ್ವಲ್ಪ ಹೊತ್ತು ಅದರ ಮೇಲೆ ಇಟ್ಟು ನಿಂತರು, ಜ್ವರ ಬಂದವರ ಹಣೆಗೆ ಬಟ್ಟೆ ಇಟ್ಟಂತೆ. ಮಾವ ನನ್ನ ಕಡೆ ನೋಡಿ ತಲೆಯ ಪಕ್ಕ ಬೆರಳು ತಿರುಗಿಸಿದರು. ನಾನು ನಕ್ಕೆ.

ಆಮೇಲೆ ಅವರಿಗೆ ಕಾಯಿಲೆ ಬಂತು. ತಮ್ಮ ರಕ್ತದ ವರದಿಯನ್ನು ಎಲ್ಲರಿಗಿಂತ ಮೊದಲು ಅವರೇ ಓದಿಕೊಂಡರು. ಚಿಕಿತ್ಸೆಗೆ ತಾವೇ ಕಾರು ಓಡಿಸಿಕೊಂಡು ಹೋಗಿ ಬರುತ್ತಿದ್ದರು. ವಾಪಸು ಬರುವಾಗ ಪಕ್ಕದಲ್ಲಿ ನಾನು, ದುಬೈಯಿಂದ ನೇರ ಆಸ್ಪತ್ರೆಗೆ ಬಂದು ಸೇರಿಕೊಂಡವನು. ಮಾವ ಪ್ರತಿದಿನ ಫೋನ್ ಮಾಡುತ್ತಿದ್ದರು, ಪ್ರೀತಿಯಿಂದಲೇ. ಆದರೆ ಮಾತು ಎಲ್ಲಿಂದ ಹೊರಟರೂ ಕಾರಿಗೆ ಬಂದು ನಿಲ್ಲುತ್ತಿತ್ತು: ಇನ್ನು ಅದು ಯಾಕೆ, ತಿಂಗಳು ತಿಂಗಳು ಬೆಲೆ ಇಳಿಯುತ್ತದೆ, ಈಗಲೇ ಕೊಟ್ಟುಬಿಡುವುದು ಒಳ್ಳೆಯದು. “ನಾನು ಇರುವವರೆಗೆ ಅದೂ ಇರ್ತದೆ,” ಎಂದು ಚಿಕ್ಕಮ್ಮ ಹೇಳಿದ್ದರು, ಒಂದಲ್ಲ ಹಲವು ಸಲ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಆದರೂ ಒಂದು ಸಂಜೆ ಮಾವ ಗಿರಾಕಿಯನ್ನೇ ಮನೆಗೆ ಕರೆತಂದರು. ಒಳ್ಳೆಯ ಹುಡುಗ, ಹೈದರಾಬಾದಿನವನು. ಚಿಕ್ಕಮ್ಮ ತಲೆಗೆ ಸ್ಕಾರ್ಫ್ ಕಟ್ಟಿ ಸೋಫಾದಲ್ಲಿ ಒರಗಿದ್ದರು. ಹುಡುಗನಿಗೆ ಚಹಾ ಕೊಡಿಸಿ, “ಚಲಾಕೆ ದೇಖಾ?” ಎಂದು ಕೇಳಿದರು. ಓಡಿಸಿ ನೋಡಿದೆ ಎಂದ. “ಕೈಸಾ ಲಗಾ?”

ಹುಡುಗ ಮಾವನ ಮುಖ ನೋಡಿ, “ಅಚ್ಛಾ ಹೈ ಮೇಡಮ್. ಲೇಕಿನ್ ದೋ ಸಾಲ್ ಕೆ ಬಾದ್ ರೀಸೇಲ್ ಕ್ಯಾ ಮಿಲೇಗಾ?” ಎಂದ. ಎರಡು ವರ್ಷ ಬಿಟ್ಟು ಮಾರಿದರೆ ಎಷ್ಟು ಸಿಕ್ಕೀತು ಎಂಬ ಚಿಂತೆ ಅವನಿಗೂ.

ಚಿಕ್ಕಮ್ಮ ನಕ್ಕ ನಗು ಕೆಮ್ಮಾಗಿ, ನಾನು ಬೆನ್ನು ತಿಕ್ಕಬೇಕಾಯಿತು. “ಖಲಾಸ್. ಗಾಡಿ ಮಾಫಿ,” ಅಂದರು ಅವನಿಗೆ, ಮುಗಿಯಿತು, ಗಾಡಿ ಇಲ್ಲ ಎಂದು ಗಲ್ಫಿನ ಅರಬಿ ಬೆರೆಸಿ. ಆಮೇಲೆ ತಮ್ಮನ ಕಡೆ ತಿರುಗಿ, ಮೆಲ್ಲಗೆ: “ನಿನ್ನ ಮಗನೇ ಸಿಕ್ಕಿದ ಹಾಗಾಯ್ತಲ್ಲಾ ತಮ್ಮ. ಎಲ್ಲಿಂದ ಹುಡುಕಿದ್ದು?”

ಅವರು ತೀರಿಕೊಂಡದ್ದು ಅದೇ ಮನೆಯಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ. ಕೊನೆಯ ವಾರದವರೆಗೂ ಕಾರಿನ ಕೀಲಿ ಅವರ ದಿಂಬಿನ ಬದಿಯಲ್ಲೇ ಇತ್ತು; ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟಿದ್ದರು.

ಚಿತಾಗಾರದ ಹೊರಗೆ ಊರಿನವರು ನಾಲ್ಕು ಜನ ಸೇರಿದ್ದರು. “ಪಾಪ, ಇಷ್ಟು ವರ್ಷ ದುಡಿದು ಕೊನೆಗೆ ಒಂದು ಗಾಡಿ ಬಿಟ್ಟು ಎಂತದೂ ಮಾಡಿಕೊಳ್ಳಲಿಲ್ಲ,” ಎಂದು ಒಬ್ಬರು ಮಾವನಿಗೆ ಹೇಳುತ್ತಿದ್ದರು. ಮಾವ ತಲೆಯಾಡಿಸಿದರು. ಅವರ ಕಣ್ಣು ಅತ್ತು ಕೆಂಪಾಗಿತ್ತು, ಅದನ್ನೂ ಬರೆಯಬೇಕು. ಆದರೆ ಆ ತಲೆಯಾಡಿಸಿದ್ದನ್ನು ನಾನು ಕ್ಷಮಿಸಿಲ್ಲ. ಆ ಪರದೆಯ ಹಿಂದಿನಿಂದ ಎದ್ದು ಹೋದವರೆಲ್ಲ ಲೆಕ್ಕಕ್ಕೆ ಬರಲಿಲ್ಲವೇ? ನಾನೂ ಅಲ್ಲೇ ನಿಂತಿದ್ದೆನಲ್ಲ, ಚಿಕ್ಕಮ್ಮ ಮಾಡಿಕೊಂಡದ್ದರಲ್ಲಿ ಒಂದು.

ಸತ್ತವರ ಹೆಸರಿನ ಕಾರನ್ನು ವಾರಸುದಾರಿಕೆ ಕೋರ್ಟಿನಲ್ಲಿ ಇತ್ಯರ್ಥವಾಗುವವರೆಗೆ ಮಾರುವಂತಿರಲಿಲ್ಲ. ಊರಿನಿಂದ ಕಾಗದಪತ್ರ ಬರಲು ತಿಂಗಳುಗಳೇ ಹಿಡಿದವು. ಕಾರು ಆ ಅಂಗಳದಲ್ಲಿ ಬಿಸಿಲಿಗೆ ನಿಂತಿತು, ಧೂಳು ಹೊದ್ದುಕೊಂಡಿತು, ಮಾವನ ಕಣ್ಣೆದುರೇ ಬೆಲೆ ಕಳೆದುಕೊಳ್ಳುತ್ತಾ ಹೋಯಿತು. ಅವರು ನನಗೆ ಫೋನ್ ಮಾಡಿ, “ಕೀ ನಿನ್ನ ಹತ್ರ ಉಂಟಲ್ಲ, ವಾರಕ್ಕೊಮ್ಮೆ ಹೋಗಿ ಸ್ಟಾರ್ಟ್ ಮಾಡಿ ಬಾ. ಎರಡೇ ನಿಮಿಷ, ಹೆಚ್ಚು ಬೇಡ. ಪೆಟ್ರೋಲ್ ಸುಮ್ನೆ ವೇಸ್ಟ್,” ಅಂದರು.

ಹೋದೆ. ರಜೆಯ ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಕೂತು ಎಂಜಿನ್ ಚಾಲೂ ಮಾಡಿ, ಗೇರು ಹಾಕದೆ ಪೆಡಲು ಒತ್ತಿದೆ. ಟ್ಯಾಂಕಿನ ಮುಳ್ಳು ಇಳಿಯುವುದು ಕಣ್ಣಿಗೆ ಕಾಣುವವರೆಗೆ, ಎಲ್ಲಿಗೂ ಹೋಗದೆ, ಒತ್ತುತ್ತಲೇ ಇದ್ದೆ. ಮೇಲಿನ ಮನೆಯವರು ಬಾಲ್ಕನಿಗೆ ಬಂದು, “ಬಸ್ ಕರೋ ಭಾಯ್, ಬಚ್ಚಾ ಸೋ ರಹಾ ಹೈ!” ಎಂದು ಕೂಗಿದರು.

ಮಗುವಿನ ನಿದ್ದೆ ಕೆಡಿಸಿದ್ದಕ್ಕೆ ಕೈ ಎತ್ತಿ ಕ್ಷಮೆ ಕೇಳಿದೆ. ಕಾಲು ಎತ್ತಲಿಲ್ಲ.