ಮಾಗಾಲಿಯ ಬಲದಂಡೆ

ಮಾಗಾಲಿ ಕಸಾನ್ಯೋಲ್ ತನ್ನ ಜೀವನದಲ್ಲಿ ಹೇಳಿದ ಸುಳ್ಳು ಒಂದೇ. ಆದರೆ ಅದನ್ನು ಸಾವಿರ ಸಲ ಹೇಳಿದಳು. “ಇನ್ನು ಮುಂದೆ ಬರೀ ಇಳಿಜಾರು ಕಣ್ರೀ!” ಸೇಲೆ ನದಿಯ ಕಣಿವೆಗೆ ಸೈಕಲ್ ತುಳಿಯಲು ಬಂದವರೆಲ್ಲ ಒಂದಲ್ಲ ಒಂದು ದಿನ ಈ ಮಾತನ್ನು ನಂಬಿ, ಮುಂದಿನ ತಿರುವಿನಲ್ಲಿ ಇನ್ನೊಂದು ಏರು ಕಂಡು, ಉಸಿರಿದ್ದಷ್ಟು ಅವಳನ್ನು ಬೈದವರೇ. ಬೈಗುಳ ಕೇಳಿದಾಗಲೆಲ್ಲ ಅವಳಿಗೆ ನಗು. ನಕ್ಕರೆ ಸೈಕಲ್ಲೂ ಅವಳ ಜೊತೆ ಓಲಾಡುತ್ತಿತ್ತು.

ಈ ಜನವರಿಯಲ್ಲಿ ಅವಳು ಹೋದಳು. ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ. ನಮ್ಮ ಸೈಕಲ್ ಸಂಘದ ಭಾನುವಾರದ ಸವಾರಿಯನ್ನು ನಾವು ನಿಲ್ಲಿಸಿಲ್ಲ. ಏರಿನಲ್ಲಿ ಕಾಲು ಸೋತಾಗ ಈಗಲೂ ಎಲ್ಲರೂ ಒಮ್ಮೆ ಹಿಂದಿರುಗಿ ನೋಡುತ್ತೇವೆ. ಅವಳು ಯಾವಾಗಲೂ ಕೊನೆಯಲ್ಲಿ ಬರುತ್ತಿದ್ದಳು, ಹಿಂದುಳಿದವರನ್ನು ಕುರಿ ಅಟ್ಟುವ ಹಾಗೆ ಮುಂದಕ್ಕೆ ಅಟ್ಟುತ್ತ.

ಸಂಘಕ್ಕೆ ಸೇರುವ ಮೊದಲು ಅವಳು ಕಣಿವೆಯ ಅಂಚೆಯವಳು. ಕಚೇರಿಯವರು ಕೊಟ್ಟ ಹಳದಿ ಮೋಟಾರು ಗಾಡಿ ಅವಳಿಗೆ ಸೇರಲಿಲ್ಲ. ಹೆಬ್ಬಂಡೆಗಳ ಕೆಳಗಿನ ಕಿರುದಾರಿಗಳಲ್ಲಿ ಸೈಕಲ್ಲೇ ಬೇಕು ಎಂದು ಹಟ ಹಿಡಿದು ಗೆದ್ದಿದ್ದಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾವ ಬಾಗಿಲಲ್ಲಿ ಕಾಗದ ಕೊಟ್ಟರೆ ಹಣ್ಣಿನ ಸಾರಾಯಿ ಸಿಗುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ನಿವೃತ್ತಿಯಾದ ಮೇಲೂ ಕಾಲು ಸುಮ್ಮನಿರಲಿಲ್ಲ. ಪ್ರತಿ ಜೂನ್‌ನಲ್ಲಿ ನಡೆಯುವ ಕಣಿವೆ ಸವಾರಿಗೆ ರಸ್ತೆಯ ಮೇಲೆ ಹಳದಿ ಬಾಣ ಬರೆಯುವ ಕೆಲಸವನ್ನು ತಾನೇ ಮೈಮೇಲೆ ಎಳೆದುಕೊಂಡಳು. ಹೊರ ಊರುಗಳಿಂದ ಐವತ್ತು ಅರವತ್ತು ಮಂದಿ ಬರುತ್ತಿದ್ದರು. ಬಾಣ ನೋಡಿಕೊಂಡು ಹೋದರೆ ಸಾಕು, ಊಟದ ಜಾಗ ತಾನಾಗಿ ಸಿಗುತ್ತಿತ್ತು.

ಆ ಬಾಣಗಳಿಗೇ ಒಂದು ವಸಂತದಲ್ಲಿ ಕುತ್ತು ಬಂತು. ಸಂಘಕ್ಕೆ ಹೊಸದಾಗಿ ಅಧ್ಯಕ್ಷೆಯಾಗಿದ್ದ ಕ್ಲೆಲಿಯಾ, ಊರಿನ ಔಷಧಿ ಅಂಗಡಿಯವಳು, ಚುರುಕು ಹೆಣ್ಣು, ಸಭೆಯಲ್ಲಿ ತನ್ನ ಫೋನನ್ನು ಮೇಜಿನ ಮೇಲಿಟ್ಟಳು.

“ದಾರಿ ಪೂರ್ತಿ ಇದ್ರಲ್ಲೇ ಬರುತ್ತೆ. ತಿರುವು ಬಂದಾಗ ಅದೇ ಮಾತಾಡುತ್ತೆ. ಇನ್ಮೇಲೆ ಬಣ್ಣ, ಬ್ರಷ್ಷು, ಸೊಂಟ ನೋವು ಏನೂ ಬೇಡ ಮಾಗಾಲಿ.”

“ನನ್ನ ಸೊಂಟದ ಚಿಂತೆ ನಿಂಗ್ಯಾಕಮ್ಮ? ಎಲ್ರೂ ಫೋನ್ ನೋಡ್ಕೊಂಡು ಹೋದ್ರೆ ನದೀನ ಯಾರು ನೋಡೋದು?”

“ಯಾರಾದ್ರೂ ದಾರಿ ತಪ್ಪಿದ್ರೆ?”

“ನನ್ನ ಬಾಣ ನೋಡಿ ಇವತ್ತಿನವರೆಗೆ ಯಾರು ತಪ್ಪಿದಾರೆ? ಹೆಸರು ಹೇಳು.”

ಕ್ಲೆಲಿಯಾ ಜಗಳಗಂಟಿಯಲ್ಲ. ಒಂದು ಒಪ್ಪಂದ ಮುಂದಿಟ್ಟಳು. “ಸರಿ, ಈ ಸಲ ಬಾಣಾನೇ ಇರ್ಲಿ. ಒಬ್ರೂ ತಪ್ಪಿಸ್ಕೊಳ್ದೆ ಎಲ್ರೂ ಊಟಕ್ಕೆ ಸೇರಿದ್ರೆ ಮುಂದಕ್ಕೂ ಬಾಣ. ಒಬ್ರು ಹೆಚ್ಚುಕಮ್ಮಿ ಆದ್ರೂ ಫೋನು.”

“ಕೈ ಕೊಡು,” ಎಂದಳು ಮಾಗಾಲಿ. ಕೈ ಕುಲುಕುವಾಗ ಅವಳ ಕಿವಿ ಕೆಂಪಾಗಿತ್ತು. ಬಾಣ ಹೋದರೆ ತಾನೂ ಬರೀ ಪಿಂಚಣಿಯ ಮುದುಕಿ ಎಂಬ ಅಳುಕು ಅವಳಿಗಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಮಾರ್ಸ್ಯಾಲನ ಹತ್ತಿರ ಮಾತ್ರ.

ಮಾರ್ಸ್ಯಾಲ್ ರೊಟ್ಟಿ ಸುಡುವ ಕಸುಬು ಬಿಟ್ಟು ಸೈಕಲ್ ಹಿಡಿದವನು. ಬಾಣ ಬರೆಯುವ ದಿನ ಬಣ್ಣದ ಡಬ್ಬಿ ಅವನ ಸೈಕಲ್ಲಿಗೆ ನೇತಾಡುತ್ತಿತ್ತು. ಆ ವರ್ಷ ಇನ್ನೊಂದು ಬದಲಾವಣೆಯೂ ಆಗಿತ್ತು. ಅದುವರೆಗೆ ಸವಾರಿ ಯಾವಾಗಲೂ ನೀರಿನ ಜೊತೆ ಕೆಳಮುಖವಾಗಿ ಸಾಗುತ್ತಿತ್ತು. ಈ ಸಲ ಬೆಳಿಗ್ಗೆ ನೀರಿಗೆ ಎದುರಾಗಿ ಮೇಲಕ್ಕೆ ಹೋಗಿ, ದಣಿದ ಮೇಲೆ ಇಳಿದು ಬರುವುದು ಎಂದು ತೀರ್ಮಾನವಾಗಿತ್ತು. ಊಟ ಎಂದಿನಂತೆ ಪೆಶ್‌ಮಿರೆಲ್ ಊರಿನಲ್ಲಿ, ಮಾಗಾಲಿಯ ನಾದಿನಿ ನೊಯೆಮಿಯ ಮನೆಯ ಅಂಗಳದಲ್ಲಿ, ವಾಲ್‌ನಟ್ ಮರಗಳ ಕೆಳಗೆ.

ಸವಾರಿಯ ಹಿಂದಿನ ದಿನ ಇಬ್ಬರೂ ಲಾರ್ನಾಕಿನ ಸೇತುವೆಯ ಬಳಿ ಬಂದರು. ಅಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಎಡಕ್ಕೆ ತಿರುಗಿ ಸೇತುವೆ ದಾಟುತ್ತದೆ, ಇನ್ನೊಂದು ಬಲಕ್ಕೆ ಬಾಗಿ ಹೆಬ್ಬಂಡೆಯ ಕೆಳಗೇ ಮುಂದುವರಿಯುತ್ತದೆ. ಬಿಸಿಲು ಏರಿತ್ತು. ಮಾರ್ಸ್ಯಾಲ್ ಚೆರ್ರಿ ಹಣ್ಣು ತಿಂದು ಬೀಜವನ್ನು ನದಿಗೆ ಉಗಿಯುತ್ತ ನಿಂತಿದ್ದ.

“ಪೆಶ್‌ಮಿರೆಲ್ ಯಾವ ದಂಡೆ?” ಎಂದು ಅವನು ಸುಮ್ಮನೆ ಕೇಳಿದ.

“ಬಲದಂಡೆ ಕಣೋ. ಹುಟ್ಟಿದಾಗಿನಿಂದ ಇಲ್ಲೇ ಇದ್ದೀಯ, ನಾಚಿಕೆ ಆಗಲ್ವಾ?”

“ಬಾಯಿಗೆ ಏನಾದ್ರೂ ಕೆಲಸ ಇರ್ಲಿ ಅಂತ ಕೇಳ್ದೆ.”

“ಬಾಯಿಗೆ ಚೆರ್ರಿ ಇದೆಯಲ್ಲ!” ಎಂದು ಮಾಗಾಲಿ ಬಗ್ಗಿ, ಒಂದೇ ಬೀಸಿಗೆ ಕೊಬ್ಬಿದ ಬಾಣವೊಂದನ್ನು ಬರೆದಳು. ಬಲಕ್ಕೆ.

ಅವಳ ಕೈ ಅಷ್ಟು ವರ್ಷವೂ ಹಾಗೆಯೇ ಬರೆದಿತ್ತು. ದಂಡೆಗೆ ಹೆಸರು ಕೊಡುವುದು ನೀರು; ನೀರು ಹರಿಯುವ ಕಡೆಗೆ ಮುಖ ಮಾಡಿ ನಿಂತರೆ ಬಲಗೈಗೆ ಸಿಗುವುದು ಬಲದಂಡೆ. ನೀರಿನ ಜೊತೆ ಇಳಿಯುವಾಗ ನದಿಯ ಬಲವೂ ಅವಳ ಬಲವೂ ಒಂದೇ. ಈ ಸಲ ಅವಳು ನದಿಗೆ ಎದುರಾಗಿ ಹೊರಟಿದ್ದಳು. ನದಿಯ ಬಲ ಅವಳ ಎಡಗೈಗೆ, ಸೇತುವೆಯ ಆಚೆಗೆ ಹೋಗಿತ್ತು. ಕಣಿವೆಗೆ ಹೊಸಬರಾಗಿದ್ದರೆ ನಕಾಶೆ ನೋಡುತ್ತಿದ್ದರು. ಇವರಿಬ್ಬರೂ ನಕಾಶೆ ತೆರೆದವರೇ ಅಲ್ಲ.

ಭಾನುವಾರ ಬೆಳಿಗ್ಗೆ ಕಣಿವೆ ಹಬ್ಬದ ಹಾಗಿತ್ತು. ಗೋಧಿಯ ಹೊಲಗಳ ಅಂಚಿನಲ್ಲಿ ಗಸಗಸೆ ಹೂವು, ಬಿಳಿಯ ಬಂಡೆಗಳ ಮೇಲೆ ಕಿರುಚಾಡುವ ಹಕ್ಕಿಗಳು, ಕೆಳಗೆ ಹಸಿರು ನೀರು. ಸವಾರರ ಸಾಲು ಬಣ್ಣಬಣ್ಣದ ಅಂಗಿಗಳಲ್ಲಿ ತಿರುವುಗಳ ಉದ್ದಕ್ಕೂ ಹರಡಿತ್ತು. ಮಾಗಾಲಿ ಮಾರ್ಸ್ಯಾಲನ ಜೊತೆ ಕೊನೆಯಲ್ಲಿ, ಉತ್ತರದ ಲೀಲ್ ಪಟ್ಟಣದಿಂದ ಬಂದಿದ್ದ ದಪ್ಪ ಗಡ್ಡದವನೊಬ್ಬನನ್ನು ಅಟ್ಟುತ್ತ ಬರುತ್ತಿದ್ದಳು.

“ಇನ್ನು ಬರೀ ಇಳಿಜಾರಪ್ಪಾ!”

“ಅಮ್ಮಾ, ನದಿಗೆ ಎದುರಾಗಿ ಹೋಗ್ತಾ ಇದ್ದೀವಿ. ಇಳಿಜಾರು ಎಲ್ಲಿಂದ ಬರುತ್ತೆ?”

“ಲೀಲ್‌ನೋರು ಜಾಸ್ತಿ ಯೋಚ್ನೆ ಮಾಡ್ತೀರ. ತುಳಿ, ತುಳಿ!”

ಸೇತುವೆಯ ಬಳಿ ಬಂದಾಗ ಅವಳ ನಗು ಅಲ್ಲೇ ನಿಂತಿತು. ಸೇತುವೆಯ ಮೇಲೆ ಒಂದು ನರಪಿಳ್ಳೆಯಿಲ್ಲ. ಹಳದಿ ಬಾಣ ನೀಟಾಗಿ ಬಲಕ್ಕೆ ಕೈ ತೋರಿಸುತ್ತಿತ್ತು. ಅವಳು ಬಾಣವನ್ನು ನೋಡಿದಳು, ನದಿಯನ್ನು ನೋಡಿದಳು, ತನ್ನ ಬಲಗೈಯನ್ನು ನೋಡಿಕೊಂಡಳು.

“ಮಾರ್ಸ್ಯಾಲ್, ನಾವು ಕೆಟ್ವಿ ಕಣೋ.”

ಮಾರ್ಸ್ಯಾಲನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಗುಟ್ಟಿನ ದನಿಯಲ್ಲಿ, “ಯಾರೋ ಪೋಲಿಗಳು ಬಾಣ ತಿರುಗಿಸಿದ್ರು ಅಂತ ಹೇಳ್ಬಿಡೋಣ,” ಎಂದ.

“ಬಣ್ಣದ ಬಾಣಾನ ಯಾರು ತಿರುಗಿಸ್ತಾರೋ ಪೆದ್ದ! ರಸ್ತೆ ಕಿತ್ತು ತಿರುಗಿಸ್ಬೇಕಾಗುತ್ತೆ.”

ಅವಳು ತಲೆ ತಗ್ಗಿಸಿ ತುಳಿದಳು. ತನ್ನ ಕೊನೆಯ ಬಾಣ ಬರೆದಾಯಿತು ಎಂದು ಆ ದಾರಿಯುದ್ದಕ್ಕೂ ಅವಳಿಗೆ ಅನ್ನಿಸುತ್ತಲೇ ಇತ್ತು.

ಪೆಶ್‌ಮಿರೆಲ್‌ನ ಎದುರು ದಂಡೆಯ ಹುಲ್ಲುಗಾವಲಿನಲ್ಲಿ ಇಡೀ ಗುಂಪು ನಿಂತಿತ್ತು. ಮುಂದೆ ನೀರು. ನೀರಿನಾಚೆ ಮರದ ನೆರಳು, ಬಿಳಿ ಹಾಸು ಹಾಸಿದ ಮೇಜುಗಳು, ಹೊಗೆಯಾಡುವ ದೊಡ್ಡ ಹಂಡೆ. ಸೂಪಿನ ಘಮ ಮಾತ್ರ ಆರಾಮವಾಗಿ ನದಿ ದಾಟಿ ಬರುತ್ತಿತ್ತು. ಆಚೆ ದಡದಲ್ಲಿ ನೊಯೆಮಿ ಸೌಟು ಹಿಡಿದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಅತ್ತಿಗೇ! ಊಟ ಈ ಕಡೆ ಇದೆ!”

“ಗೊತ್ತು ಕಣೇ!”

“ಗೊತ್ತಿದ್ರೆ ಆ ಕಡೆ ಯಾಕೆ ನಿಂತಿದ್ದೀರಿ? ಮೆರವಣಿಗೆನಾ?”

ಮಾಗಾಲಿ ಸೈಕಲ್ ಹುಲ್ಲಿನ ಮೇಲೆ ಮಲಗಿಸಿ ಎಲ್ಲರ ಮುಂದೆ ಬಂದು ನಿಂತಳು. ಆಚೆ ದಡಕ್ಕೂ ಕೇಳುವ ಹಾಗೆ ಕೂಗಿದಳು: “ತಪ್ಪು ನಂದು! ಬಲದಂಡೆ ಅಂತ ಬಲಗಡೆಗೆ ಬಾಣ ಬರೆದುಬಿಟ್ಟೆ! ನದಿಗೆ ಎದುರಾಗಿ ಬರ್ತಿದ್ದೀವಿ ಅನ್ನೋದೇ ಮರೆತುಹೋಯ್ತು!”

ಕಣಿವೆಯವರೆಲ್ಲ ಒಟ್ಟಿಗೆ ನಕ್ಕರು. ಹೊರಗಿನವರಿಗೆ ಏನು ಎಂದು ತಿಳಿಯಲಿಲ್ಲ. ಪಕ್ಕದವರು ಕೈ ಆಡಿಸಿ ಬಲ ಎಡ ವಿವರಿಸಿದ ಮೇಲೆ ಅವರೂ ನಕ್ಕರು. ನೊಯೆಮಿ ಹುಲ್ಲಿನ ಮೇಲೆ ಕುಳಿತು ಏಪ್ರನ್ನಿನಿಂದ ಕಣ್ಣು ಒರೆಸಿಕೊಂಡಳು. “ಮೂವತ್ತು ವರ್ಷ ಈ ನದಿ ದಂಡೇಲಿ ಕಾಗದ ಹಂಚಿದೋಳು! ನಮ್ಮಣ್ಣ ಇದ್ದಿದ್ರೆ ಇವತ್ತು ಊರಿಗೆಲ್ಲ ಸಾರಾಯಿ ಕುಡಿಸ್ತಿದ್ದ!”

ಸೇತುವೆಗೆ ವಾಪಸು ಹೋಗುವುದೆಂದರೆ ಯಾರ ಕಾಲೂ ಒಪ್ಪಲಿಲ್ಲ. ಜೂನ್‌ನ ಸೇಲೆ, ಅಲ್ಲಿ ಒಡ್ಡಿನ ಹಿಂದೆ ಕೊಳದ ಹಾಗೆ ನಿಂತಿರುತ್ತದೆ. ನೊಯೆಮಿ ಎದ್ದು ಮೀನು ಹಿಡಿಯುವ ತನ್ನ ಚಪ್ಪಟೆ ತಳದ ದೋಣಿ ಬಿಚ್ಚಿದಳು. ಮೊದಲ ಸುತ್ತಿಗೆ ಹಂಡೆ ಬಂತು. ಅವಳು ನಡುವೆ ನಿಂತು ಗಳ ಹಾಕುತ್ತಿದ್ದರೆ ಹಂಡೆ ಮುಂದೆ ದೊರೆಸಾನಿಯ ಹಾಗೆ ಕೂತಿತ್ತು. ಆಮೇಲೆ ರೊಟ್ಟಿ, ಆಡಿನ ಹಾಲಿನ ಚೀಸು, ಪ್ಲಮ್ ಹಣ್ಣಿನ ಕಡುಬು, ಕಪ್ಪು ವೈನಿನ ಬಾಟಲಿಗಳು. ಸವಾರರು ಚಡ್ಡಿಯಲ್ಲೇ ಮೊಣಕಾಲಿನ ನೀರಿಗಿಳಿದು ಸಾಲಾಗಿ ನಿಂತು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಮೇಜು ಮಾತ್ರ ಬರಲಿಲ್ಲ. ಹುಲ್ಲಿನ ಮೇಲೆಯೇ ಕುಳಿತರು.

ಸೂಪು ತಳ ಮುಟ್ಟಿದಾಗ ಬಟ್ಟಲಿಗೆ ವೈನು ಸುರಿದು, ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿಯುವುದು ನಮ್ಮ ಕಡೆಯ ರೂಢಿ. ಲೀಲ್‌ನವನು ಪ್ರಯತ್ನಿಸಿ ಅರ್ಧ ಗಡ್ಡಕ್ಕೆ ಕುಡಿಸಿದ. ಮಾರ್ಸ್ಯಾಲ್ ಅವನಿಗೆ ಪಾಠ ಹೇಳಿಕೊಡಲು ಹೋಗಿ ತಾನೇ ಕೆಮ್ಮಿದ.

ಮಾಗಾಲಿ ನಗುತ್ತಿದ್ದಳು, ಆದರೆ ತಿನ್ನುತ್ತಿರಲಿಲ್ಲ. ಕೊನೆಗೆ ಎದ್ದು ಕ್ಲೆಲಿಯಾಳ ಬಳಿ ಹೋದಳು. ಅಧ್ಯಕ್ಷೆ ಹಸಿ ಕಾಲುಚೀಲಗಳನ್ನು ಮುಳ್ಳುಪೊದೆಯ ಮೇಲೆ ಒಣಹಾಕಿ ಕಡುಬು ತಿನ್ನುತ್ತಿದ್ದಳು.

“ಮಾತು ಅಂದ್ರೆ ಮಾತು. ಸೋತೆ ಕಣಮ್ಮ. ಮುಂದಿನ ವರ್ಷ ಫೋನೇ ಇಟ್ಕೊಳ್ಳಿ.”

ಕ್ಲೆಲಿಯಾ ಬಾಯಿ ತುಂಬ ಇದ್ದುದನ್ನು ನುಂಗಿದಳು. “ಒಪ್ಪಂದ ಏನಿತ್ತು?”

“ಎಲ್ರೂ ಊಟಕ್ಕೆ ಸೇರ್ಬೇಕು, ಒಬ್ರೂ ತಪ್ಪಿಸ್ಕೋಬಾರ್ದು ಅಂತ.”

“ಯಾರು ತಪ್ಪಿಸ್ಕೊಂಡ್ರು? ಎಣಿಸಿದೀನಿ, ಒಬ್ಬೊಬ್ರೂ ಇಲ್ಲೇ ಇದ್ದೀವಿ. ದಾರಿ ತಪ್ಪಿದ್ದು ಊಟ. ಅದಕ್ಕೆ ನೀನು ಬಾಣ ಬರೆದಿರ್ಲಿಲ್ಲ, ಪಾಪ.”

ಮಾಗಾಲಿ ಅವಳ ಮುಖವನ್ನೇ ನೋಡಿದಳು, ಗೇಲಿಯೋ ನಿಜವೋ ಎಂದು. ಆಮೇಲೆ ಪಕ್ಕದಲ್ಲಿ ದೊಪ್ಪನೆ ಕುಳಿತು ಕ್ಲೆಲಿಯಾಳ ತಟ್ಟೆಯಿಂದಲೇ ಕಡುಬು ಎತ್ತಿಕೊಂಡಳು. “ಮುಂದಿನ ವರ್ಷ ಸರಿಯಾಗಿ ಸೇತುವೆ ದಾಟಿಸ್ತೀನಿ, ನೋಡ್ತಿರು.”

“ಬೇಡ!” ಎಂದು ಹುಲ್ಲುಗಾವಲೆಲ್ಲ ಕೂಗಿತು. ಎಲ್ಲರಿಗಿಂತ ಜೋರು ಲೀಲ್‌ನವನದು.

ಅಂದಿನಿಂದ ಕಣಿವೆ ಸವಾರಿ ಆ ಹುಲ್ಲುಗಾವಲಿಗೇ ಬರುತ್ತದೆ, ಊಟ ದೋಣಿಯಲ್ಲಿ ಬರುತ್ತದೆ. ಎಡದಂಡೆಯ ಆ ಜಾಗಕ್ಕೆ ‘ಮಾಗಾಲಿಯ ಬಲದಂಡೆ’ ಎಂದೇ ಹೆಸರು ನಿಂತುಬಿಟ್ಟಿದೆ. ದಾರಿ ಕೇಳುವ ಪ್ರವಾಸಿಗಳಿಗೆ ಇದರಿಂದ ತಲೆಕೆಡುತ್ತದೆ. ಯಾರೂ ತಿದ್ದಲು ಹೋಗುವುದಿಲ್ಲ.

ಈ ಜೂನ್‌ನಲ್ಲಿ ಮಾರ್ಸ್ಯಾಲ್ ಒಬ್ಬನೇ ಬಾಣ ಬರೆಯಬೇಕು. ಬಗ್ಗಿದರೆ ಏಳಲಾಗುವುದಿಲ್ಲ ಎಂದು ಈಗಿಂದಲೇ ಗೊಣಗುತ್ತಿದ್ದಾನೆ. ಡಬ್ಬಿ ಹಿಡಿದುಕೊಳ್ಳಲು ಕ್ಲೆಲಿಯಾ ಅಂಗಡಿ ಮುಚ್ಚಿ ಬರುತ್ತಾಳಂತೆ. ನೊಯೆಮಿ ದೋಣಿಗೆ ಡಾಂಬರು ಬಳಿದು ಬಿಸಿಲಿಗೆ ಬೋರಲು ಹಾಕಿದ್ದಾಳೆ.